ಟಿನಿಯನ್‌ನ ನಾರ್ತ್ ಫೀಲ್ಡ್: ಕಬ್ಬಿನ ಗದ್ದೆಯ ಮೇಲೆ ಎದ್ದ ವಾಯುನೆಲೆ

ಪಶ್ಚಿಮ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಮಾಲೆಯಲ್ಲಿ ಟಿನಿಯನ್ ಒಂದು ಪುಟ್ಟ ದ್ವೀಪ. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್, ಇಂದಿನ ಜನಸಂಖ್ಯೆ ಸುಮಾರು 2,000. ಅದರ ಉತ್ತರ ತುದಿಯಲ್ಲಿ ನಾಲ್ಕು ರನ್‌ವೇಗಳು ಅಕ್ಕಪಕ್ಕದಲ್ಲಿ ಸಮಾನಾಂತರವಾಗಿ ಚಾಚಿಕೊಂಡಿವೆ. ಒಂದೊಂದರ ಉದ್ದ 8,500 ಅಡಿ, ಅಂದರೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು. ಇದೇ ನಾರ್ತ್ ಫೀಲ್ಡ್. 1945ರ ನಡುಭಾಗದಲ್ಲಿ ಜಗತ್ತಿನ ಅತಿ ದೊಡ್ಡ ವಾಯುನೆಲೆ ಎನಿಸಿಕೊಂಡಿದ್ದ ಜಾಗ. ಹಿರೋಷಿಮಾ ಮತ್ತು ನಾಗಸಾಕಿಗಳ ಮೇಲೆ ಅಣುಬಾಂಬ್ ಹಾಕಿದ ವಿಮಾನಗಳು ಮೇಲೆದ್ದದ್ದು ಇಲ್ಲಿಂದಲೇ. ಕಟ್ಟಿದ್ದು, ದುಡಿಸಿಕೊಂಡದ್ದು, ತೊರೆದು ಹೋದದ್ದು ಎಲ್ಲವೂ ಮೂರು ವರ್ಷಗಳ ಒಳಗೇ ಮುಗಿಯಿತು. ಆಮೇಲೆ ಹಲವು ದಶಕ ಅಲ್ಲಿ ಗಿಡಗಂಟಿಗಳದೇ ರಾಜ್ಯ.

ಕಬ್ಬಿನ ದ್ವೀಪ

ಟಿನಿಯನ್‌ನ ಮೂಲ ನಿವಾಸಿಗಳು ಚಮೋರೊ ಜನ. ದೊಡ್ಡ ಕಲ್ಲುಗಂಬಗಳ ಮೇಲೆ ಬಟ್ಟಲಿನಾಕಾರದ ಕಲ್ಲು ಕೂರಿಸಿ, ಅದರ ಮೇಲೆ ಮನೆ ಕಟ್ಟುತ್ತಿದ್ದವರು ಅವರು. ‘ತಾಗಾನ ಮನೆ’ ಎಂದು ಕರೆಯುವ ಅಂಥ ಕಂಬಗಳ ಗುಂಪೊಂದು ದ್ವೀಪದ ದಕ್ಷಿಣದಲ್ಲಿ ಈಗಲೂ ಇದೆ. 17ನೇ ಶತಮಾನದಲ್ಲಿ ದ್ವೀಪಗಳನ್ನು ವಶಪಡಿಸಿಕೊಂಡ ಸ್ಪೇನ್ ದೇಶದವರು ಚಮೋರೊ ಜನರನ್ನು ಟಿನಿಯನ್‌ನಿಂದ ಎಬ್ಬಿಸಿ ಬೇರೆಡೆಗೆ ಸಾಗಿಸಿದರು. ದ್ವೀಪ ಬಹುಕಾಲ ಹೆಚ್ಚುಕಡಿಮೆ ನಿರ್ಜನವಾಗಿ ಉಳಿಯಿತು. 1899ರಲ್ಲಿ ಸ್ಪೇನ್ ಅದನ್ನು ಜರ್ಮನಿಗೆ ಮಾರಿತು. ಮೊದಲ ಮಹಾಯುದ್ಧ ಆರಂಭವಾದ 1914ರಲ್ಲಿ ಜಪಾನ್ ಅದನ್ನು ಜರ್ಮನಿಯಿಂದ ಕಸಿದುಕೊಂಡಿತು. ಯುದ್ಧದ ನಂತರ ಲೀಗ್ ಆಫ್ ನೇಷನ್ಸ್ ಈ ದ್ವೀಪಗಳ ಆಡಳಿತವನ್ನು ಜಪಾನಿಗೇ ಒಪ್ಪಿಸಿತು.

ಜಪಾನಿನ ಕಾಲದಲ್ಲಿ ಟಿನಿಯನ್‌ನ ಮುಖವೇ ಬದಲಾಯಿತು. 1921ರಲ್ಲಿ ಸ್ಥಾಪನೆಯಾದ ನಾನ್ಯೋ ಕೊಹಾತ್ಸು ಎಂಬ ಸಕ್ಕರೆ ಕಂಪನಿ ದ್ವೀಪದ ಸಮತಟ್ಟಾದ ನೆಲವನ್ನೆಲ್ಲ ಕಬ್ಬಿನ ಗದ್ದೆಯಾಗಿಸಿತು. ಸಕ್ಕರೆ ಕಾರ್ಖಾನೆಗಳು ಬಂದವು, ಕಬ್ಬು ಸಾಗಿಸಲು ಸಣ್ಣ ರೈಲುಹಳಿಗಳು ಹರಡಿಕೊಂಡವು. ದುಡಿಯಲು ಬಂದವರಲ್ಲಿ ಹೆಚ್ಚಿನವರು ಒಕಿನಾವಾದ ಬಡ ರೈತರು, ಕೊರಿಯಾದವರೂ ಇದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಈ ಸಣ್ಣ ದ್ವೀಪದಲ್ಲಿ ಹದಿನೈದು ಸಾವಿರದಷ್ಟು ನಾಗರಿಕರು ನೆಲೆಸಿದ್ದರು. ಮುಂದೆ ರನ್‌ವೇಗಳಾದದ್ದು ಇವರು ಉಳುತ್ತಿದ್ದ ನೆಲವೇ.

ಉಷಿ ಮೂಲೆಯ ಜಪಾನಿ ನೆಲೆ

ಯುದ್ಧದ ಮೋಡ ಕವಿಯುತ್ತಿದ್ದಂತೆ ಜಪಾನಿನ ನೌಕಾಪಡೆ ದ್ವೀಪದ ಉತ್ತರಕ್ಕಿರುವ ಉಷಿ ಮೂಲೆಯಲ್ಲಿ ವಾಯುನೆಲೆ ಕಟ್ಟಲು ಹೊರಟಿತು. 1939ರಲ್ಲಿ ಆರಂಭವಾದ ಈ ಕೆಲಸಕ್ಕೆ ಯೊಕೊಹಾಮಾದ ಸೆರೆಮನೆಯಿಂದ ಕೈದಿಗಳನ್ನು ಕರೆತರಲಾಯಿತು. ರನ್‌ವೇಯ ಪಕ್ಕದಲ್ಲಿ ದಪ್ಪ ಕಾಂಕ್ರೀಟಿನ ಆಡಳಿತ ಕಟ್ಟಡಗಳು, ಇಂಧನದ ಉಗ್ರಾಣಗಳು, ವಿಮಾನದಾಳಿಯಿಂದ ತಪ್ಪಿಸಿಕೊಳ್ಳುವ ಆಶ್ರಯಗಳು ಎದ್ದವು. 1944ರಲ್ಲಿ ಜಪಾನಿನ ಮೊದಲನೇ ವಾಯುದಳದ ಕೇಂದ್ರವೂ ಟಿನಿಯನ್‌ಗೆ ಬಂತು. ವೈಸ್ ಅಡ್ಮಿರಲ್ ಕಾಕುತಾ ಅದರ ಮುಖ್ಯಸ್ಥರು. ಆದರೆ ಅಮೆರಿಕದ ಹಡಗುಗಳಿಂದ ಎದ್ದುಬಂದ ವಿಮಾನಗಳ ದಾಳಿಯಲ್ಲಿ ಈ ದಳದ ಬಹುಪಾಲು ವಿಮಾನಗಳು ಜೂನ್ ತಿಂಗಳಲ್ಲೇ ನಾಶವಾದವು.

ಅಮೆರಿಕಕ್ಕೆ ಟಿನಿಯನ್ ಏಕೆ ಬೇಕಿತ್ತು ಎಂಬುದಕ್ಕೆ ಉತ್ತರ ಬಿ-29 ವಿಮಾನದಲ್ಲಿದೆ. ಬೋಯಿಂಗ್ ಕಂಪನಿಯ ಈ ಹೊಸ ಬಾಂಬರ್‌ಗೆ ‘ಸೂಪರ್‌ಫೋರ್ಟ್ರೆಸ್’ ಎಂಬ ಹೆಸರು. ರೆಕ್ಕೆಯ ತುದಿಯಿಂದ ತುದಿಗೆ 43 ಮೀಟರ್, ನಾಲ್ಕು ಎಂಜಿನ್, ಹನ್ನೊಂದು ಮಂದಿ ಸಿಬ್ಬಂದಿ. ಮರಿಯಾನಾ ದ್ವೀಪಗಳಿಂದ ಟೋಕಿಯೊಗೆ ಸುಮಾರು 2,400 ಕಿಲೋಮೀಟರ್. ಅಷ್ಟು ದೂರ ಬಾಂಬ್ ಹೊತ್ತೊಯ್ದು ಹಿಂತಿರುಗುವ ಶಕ್ತಿ ಅಂದು ಇದ್ದದ್ದು ಈ ವಿಮಾನಕ್ಕೆ ಮಾತ್ರ.

ಅದಕ್ಕೂ ಮೊದಲು ಬಿ-29ಗಳು ಬೀಡುಬಿಟ್ಟದ್ದು ಭಾರತದಲ್ಲಿ. ಬಂಗಾಳದ ಖರಗ್‌ಪುರ ಮತ್ತು ಅದರ ಸುತ್ತಲಿನ ಚಾಕುಲಿಯಾ, ಪಿಯಾರ್‌ಡೋಬಾ, ದುಧ್‌ಕುಂಡಿ ನೆಲೆಗಳಿಂದ ಹೊರಟು, ಹಿಮಾಲಯ ದಾಟಿ, ಚೀನಾದ ಚೆಂಗ್ಡು ಬಳಿ ಇಂಧನ ತುಂಬಿಕೊಂಡು ಜಪಾನಿನ ಮೇಲೆ ದಾಳಿ ಮಾಡಬೇಕಿತ್ತು. ಚೀನಾದ ನೆಲೆಗಳಿಗೆ ಬೇಕಾದ ಪ್ರತಿಯೊಂದು ಪೀಪಾಯಿ ಪೆಟ್ರೋಲನ್ನೂ ಹಿಮಾಲಯದ ಮೇಲಿಂದ ವಿಮಾನದಲ್ಲೇ ಸಾಗಿಸಬೇಕಾಗಿದ್ದರಿಂದ ದಾಳಿಗಿಂತ ಸಾಗಣೆಯ ಶ್ರಮವೇ ಹೆಚ್ಚಾಯಿತು. ಹಡಗುಗಳು ನೇರವಾಗಿ ಬಂದು ಸರಕು ಇಳಿಸಬಹುದಾದ ದ್ವೀಪ ಸಿಕ್ಕರೆ ಈ ತೊಡಕೇ ಇರುತ್ತಿರಲಿಲ್ಲ. ಮರಿಯಾನಾದ ಸೈಪಾನ್, ಟಿನಿಯನ್, ಗುವಾಮ್ ದ್ವೀಪಗಳ ಮೇಲೆ ಅಮೆರಿಕದ ಕಣ್ಣು ಬಿದ್ದದ್ದು ಹೀಗೆ.

ಒಂಬತ್ತು ದಿನಗಳ ಕಾಳಗ

ಸೈಪಾನ್ ದ್ವೀಪ 1944ರ ಜುಲೈ 9ರಂದು ಅಮೆರಿಕದ ವಶವಾಯಿತು. ಅಲ್ಲಿಂದ ಟಿನಿಯನ್ ಕಣ್ಣಳತೆಯಲ್ಲೇ ಇದೆ. ಸೈಪಾನ್‌ನ ದಕ್ಷಿಣ ತೀರದಲ್ಲಿ ನಿಲ್ಲಿಸಿದ ಫಿರಂಗಿಗಳ ಗುಂಡು ಟಿನಿಯನ್‌ನ ಉತ್ತರ ಭಾಗವನ್ನು ತಲುಪುತ್ತಿತ್ತು. ದ್ವೀಪದಲ್ಲಿ ಸುಮಾರು 9,000 ಜಪಾನಿ ಯೋಧರಿದ್ದರು. ಸೈನ್ಯ ಇಳಿಸಲು ಅನುಕೂಲವಾದ ಅಗಲ ಕಡಲತೀರವಿದ್ದದ್ದು ದಕ್ಷಿಣದ ಟಿನಿಯನ್ ಪಟ್ಟಣದ ಮುಂದೆ. ದಾಳಿ ಅಲ್ಲಿಂದಲೇ ಬರುತ್ತದೆಂದು ಜಪಾನಿಯರು ತಮ್ಮ ಬಲವನ್ನು ಅಲ್ಲಿ ಕೂಡಿಹಾಕಿದ್ದರು.

ಜುಲೈ 24ರ ಬೆಳಿಗ್ಗೆ ಅಮೆರಿಕದ ಒಂದು ತುಕಡಿ ಪಟ್ಟಣದ ಮುಂದೆ ದೋಣಿಗಳನ್ನು ಇಳಿಸಿ, ದಡಕ್ಕೆ ನುಗ್ಗುವಂತೆ ತೋರಿಸಿ, ಹಿಂದೆ ಸರಿಯಿತು. ಅದೇ ಹೊತ್ತಿಗೆ ನಿಜವಾದ ದಾಳಿ ವಾಯವ್ಯ ತೀರದ ಎರಡು ಕಿರಿದಾದ ಮರಳುಪಟ್ಟಿಗಳ ಮೇಲೆ ಇಳಿಯಿತು. ಅವುಗಳಲ್ಲಿ ಒಂದರ ಅಗಲ ಸುಮಾರು 55 ಮೀಟರ್, ಇನ್ನೊಂದರದು ಸುಮಾರು 145 ಮೀಟರ್. ಆ ಇಕ್ಕಟ್ಟಿನಲ್ಲೇ ಒಂದೇ ದಿನದಲ್ಲಿ 15 ಸಾವಿರಕ್ಕೂ ಹೆಚ್ಚು ಯೋಧರು ದಡ ಹತ್ತಿದರು. ಅಂದು ರಾತ್ರಿ ಜಪಾನಿಯರು ನಡೆಸಿದ ಪ್ರತಿದಾಳಿ ವಿಫಲವಾಯಿತು. ಜುಲೈ 26ರಂದು ಉಷಿಯ ವಾಯುನೆಲೆ ಕೈವಶವಾಯಿತು. ಆಗಸ್ಟ್ 1ರಂದು ದ್ವೀಪ ಪೂರ್ತಿ ವಶಕ್ಕೆ ಬಂದಿತೆಂದು ಘೋಷಿಸಲಾಯಿತು.

ಈ ಕಾಳಗದಲ್ಲಿ ಅಮೆರಿಕದ 300ಕ್ಕೂ ಹೆಚ್ಚು ಯೋಧರೂ ಜಪಾನಿನ 5,000ಕ್ಕೂ ಹೆಚ್ಚು ಯೋಧರೂ ಸತ್ತರು. ನಾಗರಿಕರ ಪಾಡು ಅದಕ್ಕಿಂತ ಘೋರ. ಗುಂಡಿನ ಸುರಿಮಳೆಯಲ್ಲಿ ಸತ್ತವರು ಅನೇಕರಾದರೆ, ದ್ವೀಪದ ದಕ್ಷಿಣದ ಕಡಿದಾದ ಬಂಡೆಗಳಿಂದ ಸಮುದ್ರಕ್ಕೆ ಹಾರಿ ಪ್ರಾಣ ಬಿಟ್ಟ ಕುಟುಂಬಗಳೂ ಇದ್ದವು. ಉಳಿದ ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ, ಒಕಿನಾವಾ ಮತ್ತು ಕೊರಿಯಾದ ಜನರನ್ನು ಚುರೊ ಎಂಬಲ್ಲಿ ಬೇಲಿ ಹಾಕಿದ ಶಿಬಿರದಲ್ಲಿ ಇರಿಸಲಾಯಿತು. ಯುದ್ಧ ಮುಗಿಯುವವರೆಗೂ ಅವರು ಅಲ್ಲಿಯೇ ಇದ್ದರು. ಅವರ ಹೊಲಗಳ ಮೇಲೆ ಅಷ್ಟರಲ್ಲಿ ಬುಲ್‌ಡೋಜರ್‌ಗಳು ಓಡಾಡತೊಡಗಿದ್ದವು.

ಹವಳದ ಜಲ್ಲಿ, ಮೇಲೆ ಡಾಂಬರು

ಉಷಿಯ ಜಪಾನಿ ನೆಲೆ ಇದ್ದ ಜಾಗದಲ್ಲೇ ನಾರ್ತ್ ಫೀಲ್ಡ್ ಕಟ್ಟಿದವರು ಅಮೆರಿಕ ನೌಕಾಪಡೆಯ ನಿರ್ಮಾಣ ದಳದವರು. ದಳದ ಇಂಗ್ಲಿಷ್ ಹೆಸರಿನ ಎರಡು ಪದಗಳ ಮೊದಲಕ್ಷರಗಳಿಂದ ಅವರಿಗೆ ‘ಸೀಬೀ’ ಎಂದು ಹೆಸರು. ಊರುಗಳಲ್ಲಿ ರಸ್ತೆ, ಸೇತುವೆ, ಕಟ್ಟಡದ ಕೆಲಸ ಮಾಡಿ ಪಳಗಿದ್ದ ಮೇಸ್ತ್ರಿಗಳು, ಯಂತ್ರ ಚಾಲಕರು, ಕಮ್ಮಾರರು ಇದರಲ್ಲಿ ಸೇರಿದ್ದರು. ಕ್ಯಾಪ್ಟನ್ ಪಾಲ್ ಹ್ಯಾಲೊರನ್ ಅವರ ಕೈಕೆಳಗಿನ 6ನೇ ನಿರ್ಮಾಣ ಬ್ರಿಗೇಡಿನ ಸುಮಾರು 15,000 ಮಂದಿ ಟಿನಿಯನ್‌ನಲ್ಲಿ ದುಡಿದರು.

ದ್ವೀಪದ ಒಡಲೆಲ್ಲ ಹವಳದ ಸುಣ್ಣಕಲ್ಲು. ಅದೇ ಅವರಿಗೆ ಕಟ್ಟಡದ ಸಾಮಗ್ರಿ. ದಿಬ್ಬಗಳಿಗೆ ಸಿಡಿಮದ್ದು ಇಟ್ಟು ಒಡೆದು, ಸಿಕ್ಕ ಹವಳದ ಕಲ್ಲನ್ನು ಲಾರಿಗಳಲ್ಲಿ ತಂದು ತಗ್ಗುಗಳಿಗೆ ಸುರಿದರು. ಹವಳದ ಜಲ್ಲಿಗೆ ನೀರು ಚಿಮುಕಿಸಿ ಮೇಲೆ ರೋಲರ್ ಓಡಿಸಿದರೆ ಅದು ಗಾರೆಯಂತೆ ಬಿಗಿದು ಕೂರುತ್ತದೆ. ಹೀಗೆ ಹದಗೊಂಡ ತಳದ ಮೇಲೆ ಎರಡು ಅಂಗುಲಕ್ಕೂ ಹೆಚ್ಚು ದಪ್ಪದ ಡಾಂಬರು ಹಾಸಿದರು. ಅರವತ್ತು ಟನ್ ತೂಗುವ ಬಿ-29 ಓಡಲು ಇಷ್ಟು ಸಾಕಾಯಿತು. ಎಂಟು ದಶಕ ಕಳೆದರೂ ಆ ರನ್‌ವೇಗಳ ಗೆರೆ ಅಳಿಯದೆ ಉಳಿದಿರುವುದಕ್ಕೆ ಈ ಹವಳದ ತಳವೇ ಕಾರಣ.

ಮೊದಲನೇ ರನ್‌ವೇ 1944ರ ಡಿಸೆಂಬರಿನಲ್ಲಿ ಸಿದ್ಧವಾಯಿತು, ನಾಲ್ಕನೆಯದು 1945ರ ಮೇ ತಿಂಗಳಲ್ಲಿ. ಸೈನ್ಯದ ಸಂಕೇತಾಕ್ಷರಗಳಂತೆ ಅವುಗಳಿಗೆ ಏಬಲ್, ಬೇಕರ್, ಚಾರ್ಲಿ, ಡಾಗ್ ಎಂದು ಹೆಸರಿಟ್ಟರು. ಸುತ್ತಲೂ 250ಕ್ಕೂ ಹೆಚ್ಚು ವಿಮಾನಗಳಿಗೆ ಒಂದೊಂದಕ್ಕೂ ಪ್ರತ್ಯೇಕ ನಿಲುಗಡೆಯ ಕಟ್ಟೆಗಳಾದವು. ದ್ವೀಪದ ನಡುಭಾಗದಲ್ಲಿ ವೆಸ್ಟ್ ಫೀಲ್ಡ್ ಎಂಬ ಇನ್ನೊಂದು ನೆಲೆ ಇಷ್ಟೇ ಉದ್ದದ ಎರಡು ರನ್‌ವೇಗಳೊಂದಿಗೆ ಎದ್ದಿತು. ಖರಗ್‌ಪುರದ ಸುತ್ತಲಿನ ನೆಲೆಗಳಲ್ಲಿದ್ದ 58ನೇ ಬಾಂಬರ್ ವಿಂಗ್ 1945ರ ಮೊದಲ ತಿಂಗಳುಗಳಲ್ಲಿ ಭಾರತ ಬಿಟ್ಟು ಬಂದು ಇಳಿದದ್ದು ಇದೇ ವೆಸ್ಟ್ ಫೀಲ್ಡ್‌ನಲ್ಲಿ.

ಟಿನಿಯನ್‌ನ ಆಕಾರ ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪವನ್ನು ಹೋಲುತ್ತದೆಂದು ಸೀಬೀಗಳು ತಾವು ಹಾಕಿದ ರಸ್ತೆಗಳಿಗೆ ಅಲ್ಲಿನ ಬೀದಿಗಳ ಹೆಸರನ್ನೇ ಇಟ್ಟರು. ಬ್ರಾಡ್‌ವೇ, 42ನೇ ಬೀದಿ, 8ನೇ ಅವೆನ್ಯೂ ಮುಂತಾದ ಹೆಸರುಗಳಲ್ಲಿ ಕೆಲವು ಈಗಲೂ ಬಳಕೆಯಲ್ಲಿವೆ.

ಬಿ-29ಗಳ ಕಾಲ

ನಾರ್ತ್ ಫೀಲ್ಡ್‌ನಲ್ಲಿ ಮೊದಲು ನೆಲೆಯೂರಿದ್ದು 313ನೇ ಬಾಂಬರ್ ವಿಂಗ್. ದಾಳಿಯ ದಿನ ಸಂಜೆಯಾಗುತ್ತಿದ್ದಂತೆ ವಿಮಾನಗಳು ನಿಲುಗಡೆಯಿಂದ ಸಾಲಾಗಿ ಹೊರಟು ರನ್‌ವೇಗಳ ತುದಿಯಲ್ಲಿ ಸರದಿ ನಿಲ್ಲುತ್ತಿದ್ದವು. ಒಂದು ಚಕ್ರ ಎತ್ತುವಷ್ಟರಲ್ಲಿ ಹಿಂದಿನದು ಓಡಲು ಶುರುಮಾಡುತ್ತಿತ್ತು. ಇಂಧನ, ಬಾಂಬುಗಳ ಭಾರಕ್ಕೆ ಬಿ-29 ರನ್‌ವೇಯ ಕೊನೆಯ ಅಡಿಗಳವರೆಗೂ ಓಡಬೇಕಾಗುತ್ತಿತ್ತು. ನೆಲ ಮುಗಿದ ಕೂಡಲೇ ಸಮುದ್ರ. ಎಷ್ಟೋ ವಿಮಾನಗಳು ದಡ ದಾಟಿ ನೀರಿನ ಮಟ್ಟಕ್ಕೆ ತಗ್ಗಿ, ವೇಗ ಕೂಡಿದ ಮೇಲೆ ಮೆಲ್ಲಗೆ ಮೇಲೇರುತ್ತಿದ್ದವು. ಬಿ-29ರ ಎಂಜಿನ್‌ಗಳು ಕಾದು ಬೆಂಕಿ ಹೊತ್ತಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದ ದೋಷ. ಮೇಲೇರುವಾಗಲೇ ಬಿದ್ದು ಸುಟ್ಟುಹೋದ ವಿಮಾನಗಳೂ ಉಂಟು. ಜಪಾನಿಗೆ ಹೋಗಿ ಬರಲು ಹದಿಮೂರು, ಹದಿನಾಲ್ಕು ಗಂಟೆ ಹಿಡಿಯುತ್ತಿತ್ತು.

1945ರ ಜನವರಿಯಲ್ಲಿ ಮರಿಯಾನಾದ ಬಾಂಬರ್ ದಳಗಳ ಹೊಣೆ ಹೊತ್ತವರು ಜನರಲ್ ಕರ್ಟಿಸ್ ಲೆಮೇ. ಅವರು ಅದಕ್ಕೆ ಮುಂಚೆ ಖರಗ್‌ಪುರದಲ್ಲಿದ್ದ ಬಿ-29 ದಳದ ಮುಖ್ಯಸ್ಥರಾಗಿದ್ದರು. ಹಗಲಿನಲ್ಲಿ ಎತ್ತರದಿಂದ ಕಾರ್ಖಾನೆಗಳಿಗೆ ಗುರಿಯಿಟ್ಟು ಬಾಂಬ್ ಹಾಕುವ ಕ್ರಮ ಫಲ ಕೊಡದಿದ್ದಾಗ ಅವರು ರಾತ್ರಿಯ ಹೊತ್ತು ಕೆಳಮಟ್ಟದಲ್ಲಿ ಹಾರಿ ಬೆಂಕಿಬಾಂಬ್ ಸುರಿಸುವ ದಾರಿ ಹಿಡಿದರು. ಮಾರ್ಚ್ 9ರ ರಾತ್ರಿ ಗುವಾಮ್, ಸೈಪಾನ್, ಟಿನಿಯನ್‌ಗಳಿಂದ ಮುನ್ನೂರಕ್ಕೂ ಹೆಚ್ಚು ಬಿ-29ಗಳು ಟೋಕಿಯೊ ಕಡೆಗೆ ಹೊರಟವು. ಬೆಳಗಾಗುವಷ್ಟರಲ್ಲಿ ಮರದ ಮನೆಗಳ ಆ ನಗರದ ಸುಮಾರು 41 ಚದರ ಕಿಲೋಮೀಟರ್ ಭಾಗ ಬೂದಿಯಾಗಿತ್ತು. ಸತ್ತವರು ಸುಮಾರು ಒಂದು ಲಕ್ಷ, ಹೆಚ್ಚಿನವರು ಸಾಮಾನ್ಯ ಜನ. ಬಳಿಕ ಜಪಾನಿನ ಹತ್ತಾರು ನಗರಗಳು ಇದೇ ರೀತಿ ಸುಟ್ಟವು.

ನಾರ್ತ್ ಫೀಲ್ಡ್‌ನ 313ನೇ ವಿಂಗ್‌ಗೆ ಇನ್ನೊಂದು ಕೆಲಸವೂ ಇತ್ತು. ಜಪಾನಿನ ಬಂದರುಗಳಲ್ಲಿ, ಜಲಸಂಧಿಗಳಲ್ಲಿ ಪ್ಯಾರಾಚೂಟ್ ಕಟ್ಟಿದ ಮೈನ್‌ಗಳನ್ನು, ಅಂದರೆ ನೀರೊಳಗೆ ಸಿಡಿಯುವ ಸ್ಫೋಟಕಗಳನ್ನು ಬೀಳಿಸುವುದು. ಮಾರ್ಚ್ ಕೊನೆಯಲ್ಲಿ ಆರಂಭವಾದ ಈ ಕಾರ್ಯಾಚರಣೆಗೆ ‘ಸ್ಟಾರ್ವೇಶನ್’ ಎಂದು ಹೆಸರಿಟ್ಟಿದ್ದರು, ಅಂದರೆ ‘ಉಪವಾಸ’. ಜಪಾನಿಗೆ ಅನ್ನವೂ ಕಲ್ಲಿದ್ದಲೂ ಸಮುದ್ರದ ಮೇಲಿಂದಲೇ ಬರಬೇಕಿತ್ತು. 12,000ಕ್ಕೂ ಹೆಚ್ಚು ಮೈನ್‌ಗಳು ಬಿದ್ದ ಮೇಲೆ ಆ ದಾರಿ ಬಹುಪಾಲು ಮುಚ್ಚಿಹೋಯಿತು. ಕಳೆದುಕೊಂಡ ವಿಮಾನಗಳು ಕೇವಲ 15. ಅಣುಬಾಂಬಿನ ಸದ್ದಿನಲ್ಲಿ ಮರೆತುಹೋದ ಈ ಕಾರ್ಯಾಚರಣೆ ಜಪಾನಿನ ಸೋಲಿಗೆ ಬಹು ದೊಡ್ಡ ಕಾರಣಗಳಲ್ಲಿ ಒಂದು.

ಬೇಲಿಯೊಳಗಿನ ತಂಡ

1945ರ ಮೇ–ಜೂನ್ ಹೊತ್ತಿಗೆ ನಾರ್ತ್ ಫೀಲ್ಡ್‌ಗೆ ಹೊಸದೊಂದು ತಂಡ ಬಂತು: ಕರ್ನಲ್ ಪಾಲ್ ಟಿಬೆಟ್ಸ್ ಅವರ 509ನೇ ಗುಂಪು. ಅಮೆರಿಕದ ಯೂಟಾ ರಾಜ್ಯದ ವೆಂಡೋವರ್‌ನಲ್ಲಿ ಗುಟ್ಟಾಗಿ ತರಬೇತಿ ಪಡೆದಿದ್ದ ಇವರ ಬಿ-29ಗಳನ್ನು ಒಂದೇ ಒಂದು ಭಾರೀ ಬಾಂಬ್ ಹೊರುವಂತೆ ಮಾರ್ಪಡಿಸಲಾಗಿತ್ತು. ತಂಡದ ಬಿಡಾರಕ್ಕೆ ಬೇರೆಯೇ ಬೇಲಿ, ಬೇರೆಯೇ ಕಾವಲು. ಬಾಂಬ್ ಜೋಡಿಸಲು ರನ್‌ವೇಗಳಿಂದ ಆಚೆ ಕಿಟಕಿಯಿಲ್ಲದ, ಹವಾನಿಯಂತ್ರಿತ ಕಟ್ಟಡಗಳೆದ್ದವು. ತಾವು ಹೊರಬೇಕಾದದ್ದು ಏನೆಂಬುದು ಟಿಬೆಟ್ಸ್ ಮತ್ತು ಬೆರಳೆಣಿಕೆಯ ಜನರನ್ನು ಬಿಟ್ಟು ತಂಡದ ಮಿಕ್ಕವರಿಗೆ ಗೊತ್ತಿರಲಿಲ್ಲ.

ಜುಲೈ 26ರಂದು ಇಂಡಿಯಾನಾಪೊಲಿಸ್ ಎಂಬ ಯುದ್ಧನೌಕೆ ಹಿರೋಷಿಮಾ ಬಾಂಬಿನ ಮುಖ್ಯ ಭಾಗಗಳನ್ನು ಟಿನಿಯನ್‌ಗೆ ತಲುಪಿಸಿತು. ಯುರೇನಿಯಂನ ಉಳಿದ ಭಾಗಗಳೂ ಎರಡನೇ ಬಾಂಬಿನ ಪ್ಲುಟೋನಿಯಂ ತಿರುಳೂ ವಿಮಾನಗಳಲ್ಲಿ ಬಂದವು. ಸರಕು ಇಳಿಸಿ ಹೊರಟ ಆ ನೌಕೆಯನ್ನು ಜುಲೈ 30ರಂದು ಜಪಾನಿನ ಜಲಾಂತರ್ಗಾಮಿಯೊಂದು ಹೊಡೆದು ಮುಳುಗಿಸಿತು. ಅದರಲ್ಲಿದ್ದ ಸುಮಾರು 1,200 ಮಂದಿಯಲ್ಲಿ ಬದುಕಿ ಉಳಿದವರು 316.

ಎರಡು ಗುಂಡಿಗಳು

ಹಿರೋಷಿಮಾದ ಬಾಂಬಿನ ಉದ್ದ ಮೂರು ಮೀಟರ್, ತೂಕ ಸುಮಾರು 4,400 ಕಿಲೋ. ಬಿ-29ರ ಹೊಟ್ಟೆ ನೆಲಕ್ಕೆ ತೀರಾ ಹತ್ತಿರವಿದ್ದುದರಿಂದ ಈ ಗಾತ್ರದ ಬಾಂಬನ್ನು ಗಾಡಿಯ ಮೇಲಿಟ್ಟು ವಿಮಾನದ ಅಡಿಗೆ ತಳ್ಳುವಂತಿರಲಿಲ್ಲ. ಅದಕ್ಕೆಂದೇ ನಿಲುಗಡೆಯ ಜಾಗದಲ್ಲಿ ಎರಡು ಆಯತಾಕಾರದ ಗುಂಡಿಗಳನ್ನು ತೋಡಿ ಕಾಂಕ್ರೀಟ್ ಗೋಡೆ ಕಟ್ಟಿದರು. ಗುಂಡಿಯ ತಳದಲ್ಲಿ ಹೈಡ್ರಾಲಿಕ್ ಲಿಫ್ಟ್. ಬಾಂಬನ್ನು ಗಾಡಿಸಮೇತ ತಂದು ಗುಂಡಿಗೆ ಇಳಿಸಬೇಕು. ವಿಮಾನವನ್ನು ಹಿಂದಕ್ಕೆ ತಳ್ಳಿ, ಅದರ ಬಾಂಬ್ ಕೋಣೆಯ ಬಾಗಿಲು ಗುಂಡಿಗೆ ಸರಿಯಾಗಿ ಮೇಲೆ ಬರುವಂತೆ ನಿಲ್ಲಿಸಬೇಕು. ಬಳಿಕ ಲಿಫ್ಟ್ ಬಾಂಬನ್ನು ಅಂಗುಲ ಅಂಗುಲವಾಗಿ ಮೇಲೆತ್ತಿ ಕೊಂಡಿಗೆ ಸಿಕ್ಕಿಸಬೇಕು. ಆಗಸ್ಟ್ 5ರ ಮಧ್ಯಾಹ್ನ ಟಿಬೆಟ್ಸ್ ಅವರ ವಿಮಾನಕ್ಕೆ ಬಾಂಬ್ ಏರಿದ್ದು ಹೀಗೆ. ವಿಮಾನಕ್ಕೆ ಅವರು ತಮ್ಮ ತಾಯಿಯ ಹೆಸರಿಟ್ಟಿದ್ದರು: ಎನೋಲಾ ಗೇ.

ಬಾಂಬಿನ ಉಸ್ತುವಾರಿ ನೌಕಾಪಡೆಯ ಕ್ಯಾಪ್ಟನ್ ವಿಲಿಯಂ ಪಾರ್ಸನ್ಸ್ ಅವರದು. ಬಿ-29ಗಳು ಮೇಲೇರುವಾಗ ಬಿದ್ದು ಉರಿದದ್ದನ್ನು ಅವರು ಕಂಡಿದ್ದರು. ಅಣುಬಾಂಬ್ ಹೊತ್ತ ವಿಮಾನಕ್ಕೆ ಹಾಗಾದರೆ ದ್ವೀಪವೇ ಉಳಿಯಲಾರದೆಂಬ ಭಯದಿಂದ, ಬಾಂಬಿನ ಸಿಡಿಮದ್ದನ್ನು ವಿಮಾನ ಆಕಾಶಕ್ಕೇರಿದ ಮೇಲೆಯೇ ತುಂಬಲು ತೀರ್ಮಾನಿಸಿದರು. ಆ ದಿನ ಬಾಂಬ್ ಕೋಣೆಯ ಇಕ್ಕಟ್ಟಿನಲ್ಲಿ ಕೂತು ಕೈ ಪಳಗುವವರೆಗೂ ಅಭ್ಯಾಸ ಮಾಡಿದರು.

ಆಗಸ್ಟ್ 6ರ ನಸುಕಿನ 2.45ಕ್ಕೆ ಎನೋಲಾ ಗೇ ಏಬಲ್ ರನ್‌ವೇಯ ಬಹುಪಾಲು ಓಡಿ ಮೇಲೆದ್ದಿತು. ಹಿರೋಷಿಮಾದ ಗಡಿಯಾರದಲ್ಲಿ ಬೆಳಿಗ್ಗೆ 8.15 ಆಗುತ್ತಿದ್ದಾಗ ಬಾಂಬ್ ಬಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ವಿಮಾನ ನಾರ್ತ್ ಫೀಲ್ಡ್‌ಗೆ ಮರಳಿತು. ಹಾರಾಟದ ಅವಧಿ ಹನ್ನೆರಡು ಗಂಟೆ ಹದಿಮೂರು ನಿಮಿಷ. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಷಿಮಾದಲ್ಲಿ ಸತ್ತವರ ಸಂಖ್ಯೆ ಸುಮಾರು 1,40,000.

ಮೂರು ದಿನಗಳ ಬಳಿಕ, ಆಗಸ್ಟ್ 9ರಂದು, ಇನ್ನೂ ಕತ್ತಲಿರುವಾಗ ಮೇಜರ್ ಚಾರ್ಲ್ಸ್ ಸ್ವೀನಿ ನಡೆಸುತ್ತಿದ್ದ ‘ಬಾಕ್ಸ್‌ಕಾರ್’ ಪ್ಲುಟೋನಿಯಂ ಬಾಂಬ್ ಹೊತ್ತು ಹೊರಟಿತು. ಗುರಿ ಕೊಕುರಾ ನಗರ. ಅದು ಮಬ್ಬು ಮುಸುಕಿ ಕಾಣದಾದಾಗ ವಿಮಾನ ನಾಗಸಾಕಿಯ ಕಡೆ ತಿರುಗಿತು. ಬೆಳಿಗ್ಗೆ 11.02ಕ್ಕೆ ಅಲ್ಲಿ ಬಾಂಬ್ ಸಿಡಿಯಿತು. ವರ್ಷದೊಳಗೆ ಸತ್ತವರು 70 ಸಾವಿರಕ್ಕೂ ಹೆಚ್ಚು. ಇಂಧನ ಬರಿದಾಗುತ್ತಿದ್ದ ಬಾಕ್ಸ್‌ಕಾರ್ ಒಕಿನಾವಾದಲ್ಲಿ ಇಳಿದು, ಇಂಧನ ತುಂಬಿಕೊಂಡು ಟಿನಿಯನ್‌ಗೆ ಹಿಂತಿರುಗಿತು. ಆಗಸ್ಟ್ 15ರಂದು ಜಪಾನ್ ಚಕ್ರವರ್ತಿ ಶರಣಾಗತಿಯನ್ನು ರೇಡಿಯೊದಲ್ಲಿ ಪ್ರಕಟಿಸಿದರು.

ಸುಬಾಬುಲ್ ಆವರಿಸಿದ ರನ್‌ವೇ

ಯುದ್ಧ ಮುಗಿದ ಮೇಲೆ ನಾರ್ತ್ ಫೀಲ್ಡ್‌ಗೆ ಕೆಲಸ ಉಳಿಯಲಿಲ್ಲ. ವಿಮಾನಗಳು, ಸೈನಿಕರು ತಂಡತಂಡವಾಗಿ ಹೊರಟರು. ಚುರೊ ಶಿಬಿರದ ಜನರನ್ನು 1946ರಲ್ಲಿ ಜಪಾನ್, ಒಕಿನಾವಾ, ಕೊರಿಯಾಗಳಿಗೆ ಕಳುಹಿಸಲಾಯಿತು. 1947ರ ಹೊತ್ತಿಗೆ ನೆಲೆಯನ್ನು ಪೂರ್ತಿಯಾಗಿ ಕೈಬಿಡಲಾಯಿತು. ಮರುವರ್ಷ ಯಾಪ್ ದ್ವೀಪದಲ್ಲಿದ್ದ ಚಮೋರೊ ಕುಟುಂಬಗಳನ್ನು ತಂದು ಟಿನಿಯನ್‌ನಲ್ಲಿ ನೆಲೆಗೊಳಿಸಿದರು. ಇಂದಿನ ನಿವಾಸಿಗಳಲ್ಲಿ ಅನೇಕರು ಅವರ ಸಂತತಿ.

ಬೋಳಾಗಿದ್ದ ನೆಲದ ಮಣ್ಣು ಕೊಚ್ಚಿಹೋಗದಂತೆ ಯುದ್ಧಾನಂತರ ಈ ದ್ವೀಪಗಳಲ್ಲಿ ತಂಗನ್‌ತಂಗನ್ ಎಂಬ ಗಿಡದ ಬೀಜ ಬಿತ್ತಲಾಯಿತು. ಅದು ಬೇರೆ ಯಾವುದೂ ಅಲ್ಲ, ಕರ್ನಾಟಕದ ರೈತರು ಮೇವಿಗೂ ಸೌದೆಗೂ ಬೆಳೆಸುವ ಸುಬಾಬುಲ್. ಬಿದ್ದಲ್ಲೆಲ್ಲ ಮೊಳೆಯುವ ಈ ಗಿಡ ಕೆಲವೇ ವರ್ಷಗಳಲ್ಲಿ ವಿಮಾನ ನಿಲ್ಲುತ್ತಿದ್ದ ಕಟ್ಟೆಗಳನ್ನೂ ರನ್‌ವೇಗಳ ಅಂಚನ್ನೂ ಮುಚ್ಚಿತು. ಬಾಂಬ್ ಏರಿಸಿದ ಗುಂಡಿಗಳಿಗೆ ಮಣ್ಣು ತುಂಬಿ ಗಿಡ ನೆಟ್ಟು ಸ್ಮಾರಕ ಫಲಕಗಳನ್ನು ನಿಲ್ಲಿಸಿದರು. ಜಪಾನಿಯರು ಕಟ್ಟಿದ ಕಾಂಕ್ರೀಟ್ ಕಟ್ಟಡಗಳು ಗುಂಡಿನ ಗಾಯಗಳೊಂದಿಗೆ ಪೊದೆಗಳ ನಡುವೆ ನಿಂತವು. ವೆಸ್ಟ್ ಫೀಲ್ಡ್ ಮಾತ್ರ ದ್ವೀಪದ ನಾಗರಿಕ ವಿಮಾನ ನಿಲ್ದಾಣವಾಗಿ ಉಳಿಯಿತು.

ಮರಿಯಾನಾದ ಉತ್ತರ ದ್ವೀಪಗಳು 1947ರಿಂದ ವಿಶ್ವಸಂಸ್ಥೆಯ ಪರವಾಗಿ ಅಮೆರಿಕದ ಆಡಳಿತದಲ್ಲಿದ್ದವು. 1975ರ ಜನಮತದಲ್ಲಿ ಅಲ್ಲಿನ ಜನ ಅಮೆರಿಕದ ಜೊತೆ ಸೇರಲು ಒಪ್ಪಿದರು. ಆ ಒಡಂಬಡಿಕೆಯ ಭಾಗವಾಗಿ 1983ರಲ್ಲಿ ಟಿನಿಯನ್‌ನ ಸುಮಾರು ಮೂರನೇ ಎರಡು ಭಾಗವನ್ನು ಅಮೆರಿಕದ ಸೈನ್ಯ 50 ವರ್ಷದ ಗುತ್ತಿಗೆಗೆ ಪಡೆಯಿತು. ನಾರ್ತ್ ಫೀಲ್ಡ್ ಅದರೊಳಗೇ ಇದೆ. 1985ರಲ್ಲಿ ಕಾಳಗದ ಕಡಲತೀರಗಳನ್ನೂ ಉಷಿಯ ನೆಲೆಯನ್ನೂ ನಾರ್ತ್ ಫೀಲ್ಡ್‌ನ್ನೂ ಒಟ್ಟಾಗಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. ಕಾಳಗದ 60ನೇ ವರ್ಷದ ಹೊತ್ತಿಗೆ ಎರಡೂ ಗುಂಡಿಗಳ ಮಣ್ಣು ತೆಗೆದು, ಒಳಗೋಡೆ ಕಾಣುವಂತೆ ಗಾಜಿನ ಚಾವಣಿ ಹಾಕಿದರು.

ಮತ್ತೆ ಬುಲ್‌ಡೋಜರ್

ನಾರ್ತ್ ಫೀಲ್ಡ್‌ನ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಚೀನಾದ ಕ್ಷಿಪಣಿಗಳ ಎಟುಕಿನಲ್ಲಿರುವ ಕೆಲವೇ ದೊಡ್ಡ ನೆಲೆಗಳನ್ನು ನಂಬಿ ಕೂರದೆ, ವಿಮಾನಗಳನ್ನು ಹಲವು ಸಣ್ಣ ನೆಲೆಗಳಿಗೆ ಹಂಚಿಡಬೇಕೆಂದು ಅಮೆರಿಕದ ವಾಯುಪಡೆ ನಿರ್ಧರಿಸಿದೆ. ಹಳೆಯ ನೆಲೆಯನ್ನು ಕಾಡಿನಿಂದ ಬಿಡಿಸಿ ಮತ್ತೆ ಬಳಕೆಗೆ ತರುವುದಾಗಿ 2023ರ ಕೊನೆಯಲ್ಲಿ ಅದರ ಪೆಸಿಫಿಕ್ ವಿಭಾಗದ ಮುಖ್ಯಸ್ಥರು ಪ್ರಕಟಿಸಿದರು. 2024ರಲ್ಲಿ ಈ ಕೆಲಸಕ್ಕೆ 40 ಕೋಟಿ ಡಾಲರಿಗೂ ಮಿಕ್ಕ ಗುತ್ತಿಗೆ ನೀಡಲಾಯಿತು. ಸುಬಾಬುಲ್ ಕಾಡು ಕಡಿದಂತೆ ಹವಳದ ಮೇಲಿನ ಹಳೆಯ ಡಾಂಬರು ಬಿಸಿಲಿಗೆ ಬಂದಿದೆ.

ನಾರ್ತ್ ಫೀಲ್ಡ್‌ನ್ನು ಕೆಲವೇ ತಿಂಗಳಲ್ಲಿ ಕಟ್ಟಿದ ಕೌಶಲ ನಿಜವಾದದ್ದು. ಅದನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಈ ವಾಯುನೆಲೆಯನ್ನು ಎಂಜಿನಿಯರಿಂಗ್ ಸಾಧನೆಯಾಗಿ ಮಾತ್ರ ನೆನೆದರೆ ಅದು ಅರ್ಧ ಲೆಕ್ಕ. ನೆಲ ಕಳೆದುಕೊಂಡ ಒಕಿನಾವಾದ ರೈತರು, ಬಂಡೆಯಿಂದ ಹಾರಿದ ತಾಯಂದಿರು, ಟೋಕಿಯೊ, ಹಿರೋಷಿಮಾ, ನಾಗಸಾಕಿಗಳಲ್ಲಿ ಸುಟ್ಟುಹೋದ ಲಕ್ಷಾಂತರ ಜನ, ಮೇಲೇರುವಾಗಲೇ ಬಿದ್ದು ಸತ್ತ ಇಪ್ಪತ್ತರ ಹರೆಯದ ಅಮೆರಿಕದ ಹುಡುಗರು, ಇವರೆಲ್ಲರನ್ನೂ ಸೇರಿಸಿಕೊಂಡಾಗಲೇ ಆ ನಾಲ್ಕು ರನ್‌ವೇಗಳ ಇತಿಹಾಸ ಪೂರ್ಣವಾಗುತ್ತದೆ.